ಬೇರಿಂಗ್ ಏನಂತೈತಿ

ಗಿಣಿಗೇರಾ ದಾಟಿದ ಮ್ಯಾಲೆ ಎಡಕ್ಕ,
ಹೊಗಿ ಹಿಡಕೊಂಡು ಬರ್ರಿ ಅಂತ ಹೇಳಿ ಕಳಿಸಿದ್ರಂತ.
ಹನ್ನೊಂದು ಮಂದಿ ಬಂದಿದ್ರು.
ಇಸ್ತ್ರಿ ಅಂಗಿ, ಪ್ಲಾಸ್ಟಿಕ್ ಫೈಲು;
ಗೇಟಿನಿಂದ ಆಫೀಸಿಗೆ ಬರೂದ್ರಾಗ
ಕಾಲರಿನ ಮ್ಯಾಲೆ ನಮ್ಮ ಮಸಿ ಕುಂತಿತ್ತು.

ಮೇಜಿನ ಈಚೆ ಮೂರು ಕುರ್ಚಿ.
ಎಚ್ಚಾರ್ ಮೇಡಂ, ಪ್ಲಾಂಟಿನ ಸಾಹೇಬ್ರು,
ಮೂರನೇದ್ದು ನಾನು, ಯಮನೂರಪ್ಪ, ಫಿಟ್ಟರು,
ಎಂಟನೇತ್ತ ಫೇಲು.
ಗಾದಿಗೆ ಗ್ರೀಸ್ ಹತ್ತೀತಂತ ತುದಿಗೆ ಕುಂತಿದ್ದೆ.

ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ, ಅಂದ್ರು ಮೇಡಂ.
ಹನ್ನೊಂದು ಮಂದಿನೂ ಹೇಳಿದ್ದು ಒಂದ.
ಒಬ್ಬರ ಉಸರು ಕಟ್ಟಿದ ಕಡೆನ
ಇನ್ನೊಬ್ಬರದೂ ಕಟ್ಟಿತು.
ಅನುಭವ ಎಷ್ಟು ವರ್ಷ, ಅಂದ್ರು ಸಾಹೇಬ್ರು.
ಹೋದ ಜೂನಿನ್ಯಾಗ ಪಾಸಾದ ಹುಡುಗ
ತನ್ನ ಬೂಟು ನೋಡಿಕೊಂಡ.

ನನ್ನ ಪಾಳಿ ಬಂದಾಗ ಷೆಡ್ಡಿಗೆ ಕರಕೊಂಡು ಹೋದೆ.
ದೊಡ್ಡ ಫ್ಯಾನು ತಿರಗತಿತ್ತು, ಎದಿಗೂಡು ನಡಗೂವಂಗ.
ಮೊಳದುದ್ದದ ಸ್ಕ್ರೂಡ್ರೈವರ್ ಕೊಟ್ಟೆ:
ತುದಿ ಇದಕ್ಕ ಹಚ್ಚು, ಹಿಡಿಕಿ ಕಿವಿಗೆ ಹಚ್ಚು,
ಬೇರಿಂಗ್ ಏನಂತೈತಿ, ಹೇಳು.

ಒಬ್ಬ ನಕ್ಕ.
ಒಬ್ಬ ಸೂತ್ರ ಹೇಳಿದ. ಖರೇ ಸೂತ್ರ ಇರಬೇಕು, ನನಗ ತಿಳೀಲಿಲ್ಲ.
ಇದು ಸಿಲೆಬಸ್‌ನ್ಯಾಗ ಇರಲಿಲ್ಲ ಸರ್, ಅಂದ ಒಬ್ಬ.
ನನಗ ಸರ್ ಅಂದಾಂವ ಅವನ ಮೊದಲು;
ಒಂಚೂರು ಉಬ್ಬಿದೆ, ಸುಳ್ಳ್ಯಾಕ.
ಉಬ್ಬಿಕೊಂಡ ಹತ್ತು ಹೆಸರಿಗೆ ಕಾಟು ಹೊಡದೆ.

ಹನ್ನೊಂದನೇದಾಕಿ ಹುಲಿಗೆಮ್ಮ, ಹಿಟ್ನಾಳದ ಕಡೇದಾಕಿ.
ಮೆಕ್ಯಾನಿಕಲ್, ಎಪ್ಪತ್ತೆಂಟು ಪರ್ಸೆಂಟು.
ಫ್ಯಾನಿನ ಹತ್ತರ ಬರೂಕಿಂತ ಮೊದಲ
ವೇಲ್ ತಗದು ನಡಕ್ಕ ಬಿಗದಿದ್ಲು.
ಅದನ್ನ ಯಾರೂ ಹೇಳಿರಲಿಲ್ಲ.
ಕಿವಿ ಹಚ್ಚಿ ಬಾಳೊತ್ತು ನಿಂತ್ಲು.

‘ಏನೋ ಅಂತೈತಿರಿ. ನನಗ ಆ ಭಾಷಾ ಬರಂಗಿಲ್ಲ.
ನಮ್ಮ ಲ್ಯಾಬಿನ್ಯಾಗ ಒಂದು ಮಷಿನ್ ಇತ್ತು,
ಯಾವಾಗಲೂ ಬಟ್ಟಿ ಹೊಚ್ಚಿರತಿದ್ರು.
ನಾಲ್ಕು ವರ್ಷದಾಗ ಎರಡು ಸಲ ತಗದ್ರು,
ಇನ್‌ಸ್ಪೆಕ್ಷನ್‌ನವರು ಬಂದಾಗ.
ನಿಮಗ ಯಾರು ಕಲಿಸಿದ್ರು?’

ನಲವತ್ತು ವರ್ಷದ ಹಿಂದ, ಮುನಿರಾಬಾದಿನ್ಯಾಗ,
ಮೌಲಾಲಿ ಮಿಸ್ತ್ರಿ ನನಗ ಏನೂ ಕೇಳಿರಲಿಲ್ಲ.
ಕಸಬರಿಗಿ ಕೊಟ್ಟ.
ಆರು ತಿಂಗಳು ಷೆಡ್ ಗುಡಿಸೀನಿ,
ಆರು ತಿಂಗಳು ಸೀಮೆಎಣ್ಣ್ಯಾಗ ನಟ್ಟು ತೊಳದೀನಿ,
ತಪ್ಪು ಪಾನ ಕೊಟ್ರ ನೆತ್ತಿ ಮ್ಯಾಲೆ ಒಂದು.
ಎಡಗೈ ಕಿರುಬೆರಳಿನ ಉಗುರು
ಇನ್ನೂ ನೆಟ್ಟಗ ಬೆಳ್ಯಂಗಿಲ್ಲ.
ಒಂದಿನ ರಾತ್ರಿ ಪಾಳ್ಯಾಗ ಎಬ್ಬಿಸಿ ಕಿವಿ ಹಚ್ಚಿಸಿದ:
ಇದು ಮಕ್ಕೊಂಡ ಕೂಸು, ಕೇಳು.
ಇದರ ಹಲ್ಲಾಗ ಉಸುಕು ಸಿಕ್ಕೈತಿ, ಕೇಳು.
ಇದು ಇನ್ನ ಹತ್ತು ದಿನದ್ದು.
ಹತ್ತನೇ ದಿನ ಅದು ಹೋತು.

ಎರಡು ವರ್ಷ ನನಗ ಏನೂ ಬರತಿರಲಿಲ್ಲ.
ಎರಡು ವರ್ಷ ಅರ್ಧ ಪಗಾರ ಕೊಟ್ಟಾರ,
ಬರಂಗಿಲ್ಲ ಅಂತ ಗೊತ್ತಿದ್ದ ಕೊಟ್ಟಾರ.

ಇದನ್ನೆಲ್ಲ ಆಕಿಗೆ ಹೇಳಲಿಲ್ಲ. ಫ್ಯಾನಿನ ಸಪ್ಪಳ.

ಒಳಗ ಸಾಹೇಬ್ರು ಗಡಿಯಾರ ನೋಡತಿದ್ರು.
‘ಬಂದ ದಿನವೇ ಕೆಲಸ ಹಿಡಿಯೋರು ಬೇಕು ಯಮನೂರಪ್ಪ,
ಕಲಿಸ್ತಾ ಕೂರೋಕೆ ಟೈಮಿಲ್ಲ, ಬಜೆಟ್ಟೂ ಇಲ್ಲ.’
ಹಾಳ್ಯಾಗ ಇದ್ದದ್ದು ಎರಡ ಖಾನೆ:
ಬರುತ್ತದೆ. ಬರುವುದಿಲ್ಲ.
ಬಲಕ್ಕ ಒಂದು ಬೆರಳು ಜಾಗ ಉಳದಿತ್ತು.
ನನ್ನ ಡೊಂಕ ಅಕ್ಷರದಾಗ ಅಲ್ಲಿ ಬರದೆ:
ಕೇಳತಾಳ.

ಸಾಹೇಬ್ರು ಕನ್ನಡಕ ಏರಿಸಿ ಓದಿದ್ರು.
‘ಎಷ್ಟು ಕೇಳ್ತಾಳೆ?’

ಹತ್ತು ಕಾಟು ಹಂಗ ಅದಾವು, ನೀಲಿ ಶಾಯಿ.
ಬೂಟು ನೋಡಿಕೊಂಡ ಹುಡುಗನ ಹೆಸರು ಯಾವುದಿತ್ತೋ
ಅದರಾಗ ಈಗ ಓದಾಕ ಬರವಲ್ದು.
ನನಗ ರಿಟೈರಿಗೆ ಹದಿನಾಲ್ಕು ತಿಂಗಳು,
ಎರಡನೇ ಫ್ಯಾನಿಗೆ, ಇವತ್ತು ಕೇಳಿದ ಲೆಕ್ಕದಾಗ, ಒಂದು ವಾರ.

ಗೇಟಿನ ಹೊರಗ ಆಕಿ ಟಂಟಂ ಕಾಯಕೋತ ನಿಂತಿದ್ಲು.
ಬಲಗಿವಿ ಸುತ್ತ ದುಂಡಗ
ನನ್ನ ಸ್ಕ್ರೂಡ್ರೈವರಿನ ಹಿಡಿಕಿ ಕರೇದು ಮೂಡಿತ್ತು.
ಕೈ ಹಚ್ಚಿ ನೋಡಿಕೊಂಡ್ಲು,
ಒರಸಲಿಲ್ಲ.