ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು

ಹಾಜರಿ: ಮೂರು ಊರಿನ ಮೂವರು ಮೇಯರುಗಳು, ಗುಮಾಸ್ತೆ ನಾನು.
ಸ್ಥಳ: ಸೇಂಟ್ ಓದಿಲ್‌ನಲ್ಲಿ, ಐಸಿನ ಮೇಲೆ ಕಲ್ಲು ಜಾರಿಸಿ ಆಡುವ
ಕರ್ಲಿಂಗ್ ಶೆಡ್ಡಿನ ಅಡುಗೆಮನೆ.
ಪುರಭವನದ ಬಾಯ್ಲರ್ ಕೆಟ್ಟು ಇದು ಎರಡನೇ ವಾರ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ಸಸ್ಕಾಚೆವನ್ನಿನ ಬಯಲಿಗೆ ಅದೇನು ದೊಡ್ಡ ಸುದ್ದಿಯಲ್ಲ.

ಮೇಯರ್ ಎಂದರೆ ಕೊರಳಿನ ಚಿನ್ನದ ಸರ ನೆನೆಯಬೇಡಿ.
ಮರೂಸ್ಯ ಹ್ರಿಂಕಿವ್ ಶಾಲೆಯ ಬಸ್ಸು ಓಡಿಸುತ್ತಾಳೆ,
ದೆಲ್ಫಿಸ್ ಗೋದ್ರಿಯದು ಟಯರ್ ಅಂಗಡಿ,
ಕ್ಲಾಸ್ ಫ್ರೀಸೆನ್ ಹಂದಿ ಸಾಕುತ್ತಾನೆ. ಸಭೆಗೆ ಬರುವ ದಿನ
ಎರಡು ಸಲ ಸ್ನಾನ ಮಾಡುತ್ತಾನೆ, ಆದರೂ ಗೊತ್ತಾಗುತ್ತದೆ.
ತಿಂಗಳಿಗೆ ಇನ್ನೂರು ಡಾಲರು ಗೌರವಧನ,
ಅಂಚೆ ಕಚೇರಿಯ ಸಾಲಿನಲ್ಲಿ ಬೈಗುಳ ಪುಕ್ಕಟೆ.

ವಿಷಯ ಒಂದು: ನೀರು.
ಪಂಪುಮನೆಯ ಹಾರ್ಲೋ ಆಗಸ್ಟಿನಲ್ಲಿ ತೀರಿಕೊಂಡ.
ಯಾವ ಕವಾಟಕ್ಕೆ ಎಷ್ಟು ಸುತ್ತು ಎಂಬುದನ್ನು
ಮೂವತ್ನಾಲ್ಕು ವರ್ಷ ಆತ ಹೇಳಲಿಲ್ಲ, ನಾವೂ ಕೇಳಲಿಲ್ಲ.
ಈಗ ನಲ್ಲಿ ತಿರುಗಿಸಿದರೆ ಚಹಾದ ಬಣ್ಣ.
ರೆಜೈನಾದಿಂದ ಪತ್ರ: ಕುದಿಸಿ ಕುಡಿಯಿರಿ,
ಪರವಾನಗಿ ಉಳ್ಳವರನ್ನು ತಕ್ಷಣ ನೇಮಿಸಿ.
ಡ್ರೋಜ್ಡಕ್ಕೂ ಅದೇ ಪತ್ರ. ಹಾಲ್‌ಬ್ರೂಕಿಗೂ. ತಾರೀಖು ಮಾತ್ರ ಬೇರೆ.
ಒಬ್ಬರ ಸಂಬಳಕ್ಕೆ ಯಾವ ಊರಿನ ತೆರಿಗೆಯೂ ಸಾಲದು.
ಕಾಗದದ ಕರವಸ್ತ್ರದ ಮೇಲೆ ಮೂರನ್ನೂ ಕೂಡಿಸಿದೆ:
ಒಂದು ಸಂಬಳ ಹುಟ್ಟಿತು,
ನೂರಾ ಹನ್ನೆರಡು ಡಾಲರು ಮಿಕ್ಕಿತು.

ಹಾಗಾದರೆ ಮೂರೂರಿಗೆ ಒಬ್ಬರೇ ಎನ್ನಲು ಎರಡು ಗಂಟೆ ಹಿಡಿಯಿತು.
ಮೊದಲು ಹಳೆಯ ಬಾಕಿ ತೀರಬೇಕಲ್ಲ:
ತೊಂಬತ್ತಾರರಲ್ಲಿ ಶಾಲೆ ಯಾರ ಪಾಲಿಗೆ ಹೋಯಿತು,
ರೈಲು ಹಳಿ ಕೀಳುವ ದಿನ ಯಾರು ಸುಮ್ಮನೆ ನಿಂತಿದ್ದರು,
ಯಾವ ಹಾಕಿ ಪಂದ್ಯದಲ್ಲಿ ಯಾರ ಹಲ್ಲು ಯಾರ ಕೋಲಿಗೆ ಉದುರಿತು.
ಒಬ್ಬ ಏರಿಗೆ ಎಳೆದರೆ ಇನ್ನೊಬ್ಬ ನೀರಿಗೆ.
ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿದ್ದರೂ
ಮರೂಸ್ಯ ಕಾಫಿ ಕಲಕುತ್ತಲೇ ಇದ್ದಳು.
"ನನ್ನ ಬಸ್ಸಿನಲ್ಲಿ ಮೂರೂರಿನ ಮಕ್ಕಳು ಸೇರಿ ಹತ್ತೊಂಬತ್ತು.
ಹದಿನೇಳು ಮಕ್ಕಳು ಬಾಟಲಿ ನೀರು ತರುತ್ತಾರೆ.
ಎರಡು ಮಕ್ಕಳು ತರುವುದಿಲ್ಲ.
ಆ ಎರಡು ಯಾರ ಮನೆಯವು, ಹೇಳಲೇ?"
ಬೇಡ, ಎಂದರು ಗಂಡಸರಿಬ್ಬರೂ, ಒಟ್ಟಿಗೆ.
ಅಂದಿನ ಸಭೆಯ ಮೊದಲ ಒಮ್ಮತ ಅದು.

ಆಮೇಲೆ, ಟ್ರಕ್ಕಿನ ಮೇಲೆ ಯಾವ ಊರ ಹೆಸರು ಮುಂದೆ?
ನಗಬೇಡಿ. ಬ್ಯಾಂಕು, ಬೇಕರಿ, ರೈಲು ಹೋದ ಊರಿಗೆ
ಉಳಿದ ಆಸ್ತಿ ಅದೊಂದೇ.
ಎಡ ಬಾಗಿಲಿಗೆ ಡ್ರೋಜ್ಡ, ಬಲಕ್ಕೆ ಹಾಲ್‌ಬ್ರೂಕ್,
ಹಿಂಬದಿಯ ಹಲಗೆಗೆ ಸೇಂಟ್ ಓದಿಲ್.
"ಹಿಂದೆಯಾ?" ದೆಲ್ಫಿಸ್ ಮುಖ ಸಿಂಡರಿಸಿದ.
"ಗಾಡಿ ದಾಟಿ ಹೋದ ಮೇಲೂ ಕಾಣುವುದು ಅದೇ," ಎಂದ ಕ್ಲಾಸ್.

ಹಿಮ ತಳ್ಳುವ ಯಂತ್ರ: ಮುಂದೂಡಲಾಗಿದೆ.
ಕಸದ ಗುಂಡಿ: ಮುಂದೂಡಲಾಗಿದೆ.
ಆಸ್ಪತ್ರೆಯ ವಿಷಯ ಯಾರೂ ಎತ್ತಲಿಲ್ಲ.
ನೀರು: ಸೂಚಕರು ಗೋದ್ರಿ, ಅನುಮೋದಕರು ಫ್ರೀಸೆನ್. ಅಂಗೀಕೃತ.
ಸಭೆ ಒಂಬತ್ತು ನಲವತ್ತಕ್ಕೆ ಮುಗಿಯಿತು ಎಂದು ಬರೆದೆ.

ಮುಗಿದಿರಲಿಲ್ಲ.
ಹೊರಗೆ ಕ್ಲಾಸನ ಗಾಡಿ ಚಳಿಗೆ ಸೆಟೆದು ಕೂತಿತ್ತು.
ದೆಲ್ಫಿಸ್ ತನ್ನದನ್ನು ಮೂತಿಗೆ ಮೂತಿ ತಂದು ನಿಲ್ಲಿಸಿದ.
ಕೈಗವಸು ಹಲ್ಲಿಗೆ ಕಚ್ಚಿಕೊಂಡು
ಮರೂಸ್ಯ ಬ್ಯಾಟರಿಗೆ ತಂತಿ ಸಿಕ್ಕಿಸಿದಳು, ಕೆಂಪಿಗೆ ಕೆಂಪು.
ಟಾರ್ಚು ನನ್ನ ಕೈಯಲ್ಲಿತ್ತು.
ಸೂಚಕರೂ ಇಲ್ಲ, ಅನುಮೋದಕರೂ ಇಲ್ಲ,
ಮೂರನೇ ಸಲಕ್ಕೆ ಕೆಮ್ಮಿಕೊಂಡು ಹೊತ್ತಿತು.

ಆದರೂ ಯಾರೂ ಹೊರಡಲಿಲ್ಲ.
ಎಂಜಿನ್ನಿನ ಬಿಸಿಗೆ ಬೆನ್ನು ಕೊಟ್ಟು
ಹಿಮದ ಯಂತ್ರದ ಮಾತು ಮತ್ತೆ ತೆಗೆದರು:
ಡೀಸೆಲ್ ಯಾರದು, ಚಾಲಕ ಯಾರು,
ಬೆಳಗಿನ ಐದಕ್ಕೆ ಮೊದಲು ಯಾವ ಊರಿನ ಯಾವ ಬೀದಿ.
ನಾನು ಪುಸ್ತಕ ತೆರೆಯಲಿಲ್ಲ.
ಪೆನ್ನಿನ ಶಾಯಿ ಹೇಗೂ ಹೆಪ್ಪುಗಟ್ಟಿತ್ತು.