ಚೌಕಾವರಣ

ಜೂನ್ ಹದಿನೇಳು, ಸಾವಿರದೊಂಬೈನೂರ ಅರವತ್ತೊಂಬತ್ತು.
ಬಾಲ್ಟಸೌಂಡ್, ಶೆಟ್ಲೆಂಡಿನ ತುತ್ತತುದಿ.
ಗಾಳಿ ಆಗ್ನೇಯದ್ದು. ಮಂಜು ಆಗಷ್ಟೇ ಹರಿದಿತ್ತು.
ನೋಡಿದವರು: ವಿಲಿಯಮೀನಾ ಮೌವಟ್, ಒಬ್ಬರೇ.
ಈ ಸಾಲಿನ ಹಿಂದೊಂದು ಮುಂದೊಂದು
ಚೌಕಾವರಣ,
ಹಾಕಿದ್ದು ನಾನು.

ಆವರಣದೊಳಗೆ ಹೋಯಿತೆಂದರೆ
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ದ್ವೀಪದ ಹಕ್ಕಿ ಲೆಕ್ಕ ನಲವತ್ತು ವರ್ಷ ಬರೆದೆ.
ಶಾಲೆಯ ಮೇಷ್ಟರು, ಅಕ್ಷರ ದುಂಡಗೆ. ಕೆಲಸ ಕೊಟ್ಟದ್ದು ಅದಕ್ಕೇ.
ಧ್ರುವದಿಂದ ಇಳಿದ ದಂತಬಣ್ಣದ ಕಡಲಕ್ಕಿ
ಸತ್ತ ಸೀಲಿನ ಮೇಲೆ ಐದು ದಿನ ಕೂತಿತ್ತು:
ವಿಮಾನ ಹತ್ತಿ ಬಂದು ನೋಡಿದರು ನೂರಹತ್ತು ಮಂದಿ. ಒಪ್ಪಿತ.
ದಕ್ಷಿಣದ ಆಲ್ಬಟ್ರಾಸೊಂದು ಭೂಮಿಯ ನಡುಪಟ್ಟಿ ದಾಟಿ ಬಂದು
ಗ್ಯಾನೆಟ್ಟುಗಳ ಸಂತೆಯಲ್ಲಿ ಬೇಸಿಗೆಯಿಡೀ ಜೊತೆ ಹುಡುಕಿತ್ತು:
ಫೋಟೋ ಇದೆ. ಒಪ್ಪಿತ.

ಮೀನಾಳ ಕೈಯಲ್ಲಿ ಏನಿತ್ತು?
ಬಟ್ಟೆ ಕ್ಲಿಪ್ಪು. ಬಾಯಲ್ಲೂ ಎರಡು.
ಅಡುಗೆಮನೆ ಬಾಗಿಲಲ್ಲೇ ನಿಂತು, ಬೂಟು ಕಳಚದೆ, ಹೇಳಿದಳು:

"ಮೇಷ್ಟ್ರೇ, ಬಾಲ ನಮ್ಮ ರೀವದ ಹಾಗೇ ಕತ್ತರಿ.
ಬೆನ್ನು ಮಾತ್ರ ಬಾಣಲೆ ತಳದ ಕಪ್ಪು.
ಹಣೆಗೆ ಸುಣ್ಣ ಬಳಿದಿತ್ತು. ಕಣ್ಣಿನ ತನಕ ಬಂದು
ಸುಣ್ಣ ಮುಗಿದ ಹಾಗೆ ನಿಂತಿತ್ತು.
ನನ್ನ ಬೆಡ್‌ಶೀಟಿನ ಮೇಲೆ ಎರಡು ಸುತ್ತು ಹಾಕಿ
ಏನೋ ಬೈದು ಹೋಯಿತು."

ಬೈದದ್ದನ್ನು ನಾನು ಬರೆದುಕೊಳ್ಳಲಿಲ್ಲ.
ಮಸಿಬೆನ್ನಿನ ರೀವ ಸುಡುಬಿಸಿಲ ಕಡಲಿನದು,
ವರ್ಷಗಟ್ಟಲೆ ನೆಲಕ್ಕೆ ಕಾಲಿಡದ್ದು.
ಅದು ಅರವತ್ತರ ಅಕ್ಷಾಂಶಕ್ಕೆ ಬರುತ್ತದೆಯೇ
ಇವಳು ಒಗೆದದ್ದು ನೋಡಲು?
ಸಮಿತಿಯವರು ನನ್ನ ಅಭಿಪ್ರಾಯ ಕೇಳಿದರು. ಕೊಟ್ಟೆ.
ಅವಳಿಗೆ ತಿಳಿಸಿದ್ದು ಅಂಗಡಿಯಲ್ಲಿ, ಬ್ರೆಡ್ಡಿನ ಸಾಲಿನಲ್ಲಿ.
"ಹೌದಾ," ಅಂದಳು.
"ಹಕ್ಕಿಗೆ ಗೊತ್ತಾಗದಿರಲಿ."

ಹೋದ ಮಾರ್ಚಿನಲ್ಲಿ ಎಡಿನ್‌ಬರೋಗೆ ಹೋಗಿದ್ದೆ, ಮೊಣಕಾಲಿಗೆ.
ಡಾಕ್ಟರು ನಾಳೆ ಬಾ ಅಂದರು. ಮ್ಯೂಸಿಯಮ್ಮಿನಲ್ಲಿ
ಹಳೆಯ ವಿದ್ಯಾರ್ಥಿಯೊಬ್ಬ ಡ್ರಾಯರು ಎಳೆದು ತೋರಿಸಿದ:
ಹತ್ತಿ ಕಣ್ಣಿನ ಹಕ್ಕಿಗಳು, ಕಾಲಿಗೆ ಚೀಟಿ.
ಎರಡು ಜಾತಿ ಅಕ್ಕಪಕ್ಕ, ಒಡಹುಟ್ಟಿದವರಂತೆ ಮಲಗಿದ್ದವು.
ಒಂದರ ಬಿಳಿ ಕಣ್ಣು ದಾಟಿ ಹಿಂದಕ್ಕೆ ಎಳೆದಿತ್ತು.
ಇನ್ನೊಂದರದು
ಕಣ್ಣಿನ ತನಕ ಬಂದು

ಇದನ್ನು ಕಟ್ಟಿ ಹೇಳಲು ಯಾರಿಗೂ ಬರುವುದಿಲ್ಲ.
ನನ್ನ ಹತ್ತಿರವಿದ್ದ ಪುಸ್ತಕದ ಚಿತ್ರದಲ್ಲೂ ಅದು ಸರಿಯಿರಲಿಲ್ಲ.

ಸಮಿತಿಗೆ ಮತ್ತೆ ಬರೆದೆ.
ಈಗಿನವರು ಹುಡುಗರು, ಮರ್ಯಾದೆಯವರು, ವಾರದಲ್ಲಿ ಉತ್ತರ ಬಂತು:
ನೋಡಿದವರು ತೀರಿಕೊಂಡಿದ್ದಾರೆ, ಹೊಸ ಪುರಾವೆ ಇಲ್ಲ,
ಹಿಂದಿನ ತೀರ್ಮಾನವೇ ನಿಲ್ಲುತ್ತದೆ.
ಆ ವಾಕ್ಯ ನನ್ನದೇ. ಎಷ್ಟು ಜನಕ್ಕೆ ಬರೆದಿದ್ದೆನೋ.

ಬ್ಲೇಡಿನಿಂದ ಕೆರೆದು ನೋಡಿದೆ.
ಒಳ್ಳೆಯ ಶಾಯಿ, ಹಡಗಿನಲ್ಲಿ ತರಿಸಿದ್ದು,
ಕಾಗದ ಏಳುತ್ತದೆ, ಅದು ಏಳುವುದಿಲ್ಲ.

ಇವತ್ತು ಕೋಲೂರಿಕೊಂಡು ಅವಳ ಮನೆಯ ಹಿಂದೆ ಹೋದೆ.
ಬಟ್ಟೆಯ ತಂತಿ ಇಲ್ಲ.
ಎರಡು ಕಂಬ ಎದುರುಬದುರು ನಿಂತಿವೆ, ನಡುವೆ ಬಯಲು.
ಒಂದರ ಮೇಲೆ ಕಡಲಕ್ಕಿ, ದಿನಾ ಬರುವ ಜಾತಿಯದು.
ಬರೆದುಕೊಂಡೆ: ಒಂದು.
ನನ್ನನ್ನು ಕಂಡು ಏನೋ ಬೈಯಿತು.
ಅದನ್ನೂ ಬರೆದುಕೊಂಡೆ.