ನಶ್ಯದ ಗುಂಡಿ

ಪ್ರಾಣಿಶಾಸ್ತ್ರ ಲ್ಯಾಬಿನ ಬೀಗದ ಕೈ
ಇಪ್ಪತ್ತಾರು ವರ್ಷದಿಂದ ನನ್ನ ಸೊಂಟದಲ್ಲಿದೆ.
ಕಪ್ಪೆ ಕೊಯ್ಯುವ ಕಾಲದಿಂದ ಇದ್ದೇನೆ.
ಈಗ ಕಂಪ್ಯೂಟರಿನಲ್ಲೇ ಕೊಯ್ಯುತ್ತಾರೆ,
ಯಾರಿಗೂ ಕೈ ತೊಳೆಯುವ ಕೆಲಸವಿಲ್ಲ.
ಉಳಿದವನೆಂದರೆ ಮೂಲೆಯ ಕೊಕ್ಕೆಗೆ ನೇತುಬಿದ್ದ ಅಸ್ಥಿಪಂಜರ.
ಹುಡುಗರು ಅವನಿಗೆ ಟೋಪಿ ಹಾಕುತ್ತಾರೆ,
ನಾನು ತೆಗೆಯುತ್ತೇನೆ.

ಕಡಂಗದ ಸಫೂರಾ, ಕೊನೆಯ ವರ್ಷದ ಬಿ.ಎಸ್ಸಿ.
ನಾಲ್ಕೂವರೆಗೆ ಎಲ್ಲರೂ ವಿರಾಜಪೇಟೆಯ ಗಡಿಯಾರ ಕಂಬದತ್ತ ಇಳಿದರೆ
ಇವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು:
"ಪಳಂಗಪ್ಪಣ್ಣ, ಆರೂ ಹತ್ತರ ಬಸ್ಸಿನವರೆಗೆ ಮಾತ್ರ."
ಮೈಸೂರಿನಲ್ಲಿ ಎಂ.ಎಸ್ಸಿ. ಅನಾಟಮಿಗೆ ಎಂಟೇ ಸೀಟಂತೆ.
ಡಾಕ್ಟರಾಗುತ್ತೀಯಾ ಅಂದೆ.
"ಇಲ್ಲ. ಡಾಕ್ಟರಾಗುವವರಿಗೆ ಕಲಿಸುತ್ತೇನೆ.
ನೀಟ್ ಎರಡು ಸಲ ಬರೆದೆ, ಸಾಕು."
ಅಳಲಿಲ್ಲ. ಪೆನ್ನಿನ ಮುಚ್ಚಳ ಕಚ್ಚಿದಳು.

ಅವಳಿಗೆ ಪ್ರಶ್ನೆ ಕೇಳುವವರು ಬೇಕಿತ್ತು.
ನಾನು ಓದಿದ್ದು ಏಳನೆಯವರೆಗೆ.
ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ
ಬೆನ್ನಿಗೆ ಕನ್ನಡದಲ್ಲೇ ಬರೆದುಕೊಟ್ಟಳು:
ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವೀಟ್ರಮ್, ಪಿಸಿಫಾರ್ಮ್.
ಕೆಸರಲ್ಲಿ ಹೂತ ಜೀಪಿನ ಗಾಲಿ ನನ್ನ ನಾಲಿಗೆ,
ತಿರುಗಿತೇ ಹೊರತು ಮುಂದೆ ಹೋಗಲಿಲ್ಲ.
ಆಮೇಲೆ ಅರ್ಥ ಹೇಳಿದಳು.
ದೋಣಿ. ಚಂದ್ರ. ಮುಮ್ಮೂಲೆ. ಬಟಾಣಿ.
ಮಣಿಕಟ್ಟಿನೊಳಗೆ ಇಷ್ಟೆಲ್ಲ ಹೊತ್ತುಕೊಂಡು
ಇಷ್ಟು ವರ್ಷ ಬರೀ ನೆಲ ಗುಡಿಸಿದೆನಲ್ಲ!

ಅವಳ ತಾಯಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಬೀಜ ಆರಿಸುವವಳು.
ಕರಿಬೀಜ ಯಾವುದು, ಒಡಕು ಯಾವುದು,
ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದಂತೆ.
ಒಂದು ಸಂಜೆ ಮಗಳು ಕಣ್ಣು ಮುಚ್ಚಿ
ಅಸ್ಥಿಪಂಜರದ ಎಡಗೈ ಸವರುತ್ತಾ ಹೋದವಳು
ನಿಂತಳು.
"ಅಣ್ಣ, ಇದು ಮೂಳೆಯಲ್ಲ."

ಅಲ್ಲ. ಹಲಸಿನ ಬೀಜ.
ಯಾರೋ ಕದ್ದ ದೋಣಿಯ ಜಾಗಕ್ಕೆ
ತಪಾಸಣೆಯ ಹಿಂದಿನ ರಾತ್ರಿ
ಸುಣ್ಣ ಸವರಿ, ತಾಮ್ರದ ತಂತಿಯಲ್ಲಿ ನಾನೇ ಬಿಗಿದದ್ದು.
ಐದು ಜನ ಪ್ರೊಫೆಸರುಗಳು ನೋಡಿ ಹೋದರು,
ಕಾಲೇಜಿಗೆ ಎ ಗ್ರೇಡ್ ಬಂತು.
ಹದಿಮೂರು ವರ್ಷ ಯಾರೂ ಕೇಳಿರಲಿಲ್ಲ.

ನಗುತ್ತಾಳೆ ಅಂದುಕೊಂಡೆ. ನನ್ನ ಕೈ ನೋಡುತ್ತಿದ್ದಳು.
"ಬಕೆಟ್ಟು ಯಾವಾಗಲೂ ಎಡಗೈಯಲ್ಲೇ ಯಾಕೆ ಎತ್ತುತ್ತೀರಿ?
ಬಲಗೈ ಹೆಬ್ಬೆರಳು ಮೇಲೆತ್ತಿ. ಬುಡದಲ್ಲಿ ಗುಂಡಿ ಬೀಳುತ್ತಲ್ಲ,
ಅಲ್ಲಿ ಒತ್ತಿಕೊಳ್ಳಿ."
ಒತ್ತಿದೆ. ಜೀವ ಬಾಯಿಗೆ ಬಂತು.
ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೆಣಸಿನ ಏಣಿಯಿಂದ ಬಿದ್ದಿದ್ದೆ,
ಅಂಗೈ ಊರಿಕೊಂಡು.
ಉಳುಕು ಅಂದರು, ಪಟ್ಟಿ ಕಟ್ಟಿದರು, ನಾನೂ ಉಳುಕು ಅಂದುಕೊಂಡೆ.
"ಆಗ ನಿಮ್ಮ ದೋಣಿ ಒಡೆದಿರಬಹುದು ಅಣ್ಣ.
ನಾನಿನ್ನೂ ಯಾರೂ ಅಲ್ಲ, ಎಕ್ಸ್‌ರೇ ತೆಗೆಸಿ."
ಬಾಗಿಲಲ್ಲಿ ಚಪ್ಪಲಿ ಹಾಕುತ್ತಾ ಮತ್ತೊಂದು ಹೇಳಿದಳು:
ಆ ಗುಂಡಿಗೆ ಪುಸ್ತಕದಲ್ಲಿ
ನಶ್ಯದ ಡಬ್ಬಿ ಅಂತಲೇ ಹೆಸರಂತೆ.
ನನ್ನ ಜೇಬು ಕಂಡು ತಮಾಷೆ ಮಾಡಿದಳೇನೋ.

ಪರೀಕ್ಷೆ ಬರೆದು ಬಂದಳು.
ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ,
ಎರಡನೆಯದರಲ್ಲೂ.
ಎರಡು ತಿಂಗಳು ಮಾವನ ಮೀನಂಗಡಿಯಲ್ಲಿ ಲೆಕ್ಕ ಬರೆದಳು.
ಆಮೇಲೆ ಯಾರೋ ಪುಣೆಗೆ ಹೋದರಂತೆ, ಸೀಟು ಬಿಟ್ಟು.
ಹೊರಡುವಾಗ ಕಾರ್ಡು ವಾಪಸು ಕೇಳಲಿಲ್ಲ,
ನಾನೂ ಕೊಡಲಿಲ್ಲ.

ಎಕ್ಸ್‌ರೇ ತೆಗೆಸಿಲ್ಲ ಇನ್ನೂ. ಕಾಫಿ ಕುಯ್ಲು ಮುಗಿಯಲಿ.
ಈಗ ನಶ್ಯವನ್ನು ಚಿಟಿಕೆಯಲ್ಲಿ ಹಿಡಿಯುವುದಿಲ್ಲ,
ಹೆಬ್ಬೆರಳೆತ್ತಿ ಆ ಗುಂಡಿಗೇ ಸುರಿದುಕೊಳ್ಳುತ್ತೇನೆ,
ಅಳತೆ ಮಾಡಿ ತೋಡಿದ ಹಾಗಿದೆ.
ಮೊನ್ನೆ ಹಾಗೆ ಮೂಗಿಗೆ ಏರಿಸಿದ ಗಳಿಗೆಗೇ
ಫೋನು ಬಂತು.
ಹಿಂದೆ ದೊಡ್ಡ ಹಾಲಿನ ಸದ್ದು, ಫ್ಯಾನಿನ ಸದ್ದು.
ಪಿಸುಗುಟ್ಟಿದಳು: "ಅಣ್ಣ, ಎಡಗೈ. ನಿಜವಾದದ್ದು.
ಎಂಟೂ ಇವೆ."
ಯಾರ ಕೈ ಎಂದು ಕೇಳಲು ಬಾಯಿ ತೆರೆದೆ.
ಸೀನು ಬಂತು.